ಒರೆಯನ್ನು ನೋಡುವ ಕಣ್ಣು

ಆಯುಧಪೂಜೆಯ ದಿನ ಮೈಸೂರು ಅರಮನೆಯ ಪಟ್ಟದ ಕತ್ತಿ ಕೋಡಿ ಸೋಮೇಶ್ವರನ ಗುಡಿಗೆ ಹೋಗಿ ಬರುತ್ತದೆ. ಊರೊಳಗೆ ಮಚ್ಚು, ಚೂರಿಗಳಿಗೂ ಅಂದು ಅರಿಶಿನ ಕುಂಕುಮ. ಎಲ್ಲರ ಕಣ್ಣೂ ಅಲಗಿನ ಮೇಲೆ. ಅಲಗನ್ನು ಕಾಯುವ, ಅಲಗಿನಿಂದ ನಮ್ಮನ್ನೂ ಕಾಯುವ ಚರ್ಮದ ಒರೆಯನ್ನು ಕೈಗೆತ್ತಿಕೊಂಡು ನೋಡುವವರು ಕಡಿಮೆ. ನೋಡಬೇಕು.

ಮೊದಲು ಚರ್ಮ. ಬೇಕಾದ್ದು ತೊಗಟೆಯ ರಸದಲ್ಲಿ ಹದವಾದ, ಸುಮಾರು 3 ಮಿ.ಮೀ. ದಪ್ಪದ್ದು. ನಮ್ಮ ಬಯಲುಗಳಲ್ಲಿ ಹಳದಿ ಹೂ ಬಿಡುವ ತಂಗಡಿಯ ತೊಗಟೆ ಮತ್ತು ಅಳಲೆಕಾಯಿ ದಕ್ಷಿಣ ಭಾರತದಲ್ಲಿ ಚರ್ಮ ಹದ ಮಾಡುವವರ ಹಳೆಯ ಸಾಮಗ್ರಿ. ಇಂಥ ಚರ್ಮವನ್ನು ನೆನೆಸಿ, ಚೂರಿಯ ಮೈಗೆ ಒತ್ತಿ ಒಣಗಿಸಿದರೆ ಆ ಆಕಾರ ಗಟ್ಟಿಯಾಗಿ ನಿಲ್ಲುತ್ತದೆ. ಕ್ರೋಮ್ ಹದದ ಮೆದು ಚರ್ಮ ಹಾಗೆ ನಿಲ್ಲದು. ಮೇಜಿನ ಮೇಲೆ ಒರೆಯನ್ನು ತಲೆಕೆಳಗು ಹಿಡಿಯಿರಿ. ಚೂರಿ ಜಾರಬಾರದು, ಎಳೆದಾಗ ತಡೆಯಲೂಬಾರದು.

ಇನ್ನು ಹೊಲಿಗೆ. ರಸಿಕರು ಇಲ್ಲಿ ನಿಧಾನಿಸಬೇಕು. ಮೇಣ ತೀಡಿದ ಒಂದೇ ದಾರ, ಎರಡು ತುದಿಗೆ ಎರಡು ಸೂಜಿ; ಪ್ರತಿ ತೂತಿನಲ್ಲೂ ಅವು ಎದುರುಬದುರಾಗಿ ಹಾಯುತ್ತವೆ. ಒಂದೆಡೆ ದಾರ ಸವೆದು ಹರಿದರೂ ಪಕ್ಕದ ಹೊಲಿಗೆ ಹಿಡಿದಿರುತ್ತದೆ. ಯಂತ್ರದ ಹೊಲಿಗೆಯಲ್ಲಿ ಮೇಲಿನ ದಾರ, ಕೆಳಗಿನ ದಾರ ಬರೀ ಕೊಕ್ಕೆ ಹಾಕಿಕೊಂಡಿರುವುದರಿಂದ ಒಂದು ಹರಿದರೆ ಸಾಲು ಸಡಿಲಾಗುತ್ತ ಹೋಗುತ್ತದೆ. ಒರೆಯ ಹಿಂಬದಿಯನ್ನೂ ತಿರುಗಿಸಿ ನೋಡಿ: ಒಳ್ಳೆಯ ಕೈ ಅಲ್ಲೂ ಸಾಲು ತಪ್ಪಿರುವುದಿಲ್ಲ.

ಆಮೇಲೆ ಅಂಚು. ಎರಡು ಪದರಗಳ ನಡುವೆ ಮೂರನೆಯದೊಂದು ಚರ್ಮದ ಪಟ್ಟಿ ಕೂತಿದೆಯೇ? ನನ್ನ ಮಟ್ಟಿಗೆ ಇಡೀ ಕಲೆಯ ತಿರುಳು ಇದೇ. ಚೂರಿಯ ಬಾಯಿ ದಾರಕ್ಕೆ ತಾಗದೆ ಆ ಪಟ್ಟಿಗೆ ತಾಗುತ್ತದೆ. ಪಟ್ಟಿ ಇಲ್ಲದ ಒರೆಯ ಹೊಲಿಗೆಯನ್ನು ಅದರೊಳಗಿನ ಚೂರಿಯೇ ದಿನದಿನವೂ ಕೊಯ್ಯುತ್ತಿರುತ್ತದೆ. ಮೇಲೆ ಎಷ್ಟು ಚಿತ್ತಾರ ಕೊರೆದಿದ್ದರೂ ಅದನ್ನು ನಾನು ಒಳ್ಳೆಯ ಒರೆ ಎನ್ನಲಾರೆ. ಪದರಗಳು ಒಂದಾಗಿ ಕಾಣುವಂತೆ ಅಂಚನ್ನು ಒದ್ದೆ ಮಾಡಿ ಮರದ ತುಂಡಿನಿಂದ ಉಜ್ಜಿ ಹೊಳಪಿಸಿರುತ್ತಾರೆ. ಬೆರಳಾಡಿಸಿದರೆ ನಾರು ಸಿಗಬಾರದು.

ಚರ್ಮದ ಕಸುಬಿನ ವಚನಕಾರ ಮಾದಾರ ಚೆನ್ನಯ್ಯನ ಅಂಕಿತದಲ್ಲೇ ಆ ಕಸುಬಿನ ಹತಾರಗಳಾದ ಕೈಯುಳಿ, ಕತ್ತಿ, ಅಡಿಗೂಂಟಗಳಿವೆ. ವಚನವನ್ನು ತಲೆಯ ಮೇಲಿಟ್ಟುಕೊಂಡ ನಾಡು ಆ ಉಳಿ ಹಿಡಿದ ಕೈಗಳನ್ನು ಊರಾಚೆ ಇಟ್ಟಿತು. ಕೊಳ್ಳುವಾಗ ಚೌಕಾಸಿ ಬೇಡ.

ಮನೆಗೆ ತಂದ ಮೇಲೆ ಜೇನುಮೇಣ ತೆಳುವಾಗಿ ಸವರಿ. ಮಳೆಗಾಲದಲ್ಲಿ ಚೂರಿಯನ್ನು ಒರೆಯೊಳಗೇ ತಿಂಗಳುಗಟ್ಟಲೆ ಬಿಡಬೇಡಿ: ತೇವ ಹೀರಿದ ಚರ್ಮದ ಒಗರು ಕಬ್ಬಿಣವನ್ನು ಕಪ್ಪಾಗಿಸುತ್ತದೆ.