ಕಿಸೆ ಬಿಚ್ಚಿದ ಅಂಗಿ

ಹಳೆಯ ಬಿಳಿ ಅಂಗಿಯ ಕಿಸೆಯನ್ನು ಬ್ಲೇಡಿನಿಂದ ಬಿಚ್ಚಿದರೆ ಅಲ್ಲಿ ಅಂಗೈಯಗಲದ ಇನ್ನೊಂದು ಬಿಳುಪು ಕಾಣುತ್ತದೆ. ಸುತ್ತಲಿನ ಬಟ್ಟೆ ಒಗೆದು ಒಗೆದು, ಬಿಸಿಲಿಗೆ ಒಣಗಿ ಬಣ್ಣ ತಿರುಗಿರುತ್ತದೆ. ಕಿಸೆಯ ಮರೆಯಲ್ಲಿದ್ದದ್ದು ಮಾತ್ರ ಅಂಗಡಿಯಿಂದ ತಂದ ದಿನದ ಹಾಗೆಯೇ ಇರುತ್ತದೆ. ಅದರ ಅಂಚಿನಗುಂಟ ಸೂಜಿ ಹೋದ ತೂತುಗಳ ಸಾಲು. ನನ್ನ ತಂಗಿ ತನ್ನ ಗಂಡನ ಅಂಗಿಯನ್ನು ಮಡಿಲಲ್ಲಿ ಹರವಿಕೊಂಡು, “ಅಕ್ಕಾ, ಬಕ್ಕಣ ಬಿಚ್ಚಿದ ಗುರ್ತ ಹಂಗ ಉಳೀತು ನೋಡ. ಮಂದಿಗೆ ಕಾಣತೈತಿ” ಎಂದು ಚಿಂತಿಸುತ್ತಿದ್ದಳು. ಮರುದಿನ ಸಾಲೆಯ ಗ್ಯಾದರಿಂಗಿನಲ್ಲಿ ಅವಳ ಮಗ ಸಿದ್ಧೇಶ್ವರ ಸ್ವಾಮೀಜಿ ಆಗಬೇಕಿತ್ತು. ಟಿಕೋಟಾ ಸೀಮೆಯ ಬಿಜ್ಜರಗಿಯಲ್ಲಿ ಹುಟ್ಟಿ, ವಿಜಯಪುರದ ಜ್ಞಾನಯೋಗಾಶ್ರಮದಲ್ಲಿದ್ದು, 2023ರ ಜನವರಿ 2ರಂದು ದೇಹ ಬಿಟ್ಟ ಸ್ವಾಮೀಜಿ ತೊಡುತ್ತಿದ್ದದ್ದು ಕಿಸೆಯಿಲ್ಲದ ಅಂಗಿ. 2018ರಲ್ಲಿ ಬಂದ ಪದ್ಮಶ್ರೀಯನ್ನೂ ಅವರು ಬೇಡವೆಂದಿದ್ದರು. “ಕಾಣಲಿ ಬಿಡವಾ” ಎಂದೆ. ಅಂಥವರ ವೇಷಕ್ಕೆ ಕಿಸೆ ಬಿಚ್ಚಿದ ಗುರುತಿಗಿಂತ ಒಪ್ಪುವ ಅಲಂಕಾರ ಬೇರೆ ಯಾವುದಿದ್ದೀತು?

ಮನೆಯ ಹಳೆ ಬಟ್ಟೆಯಿಂದ ಮಕ್ಕಳಿಗೆ ವೇಷ ಹೊಲಿಯುವುದನ್ನು ನಾವು ರೊಕ್ಕ ಉಳಿಸುವ ಉಪಾಯವೆಂದು ಹೇಳಿ ಮುಗಿಸಿಬಿಡುತ್ತೇವೆ. ಅದನ್ನು ಒಂದು ಕುಶಲಕಲೆಯಾಗಿ ತೂಗಿ ನೋಡುವ ಕೆಲಸ ಆಗಿಲ್ಲ. ನಾನು ನೋಡಿದ ಮಟ್ಟಿಗೆ ಈ ವೇಷಗಳು ಗೆಲ್ಲುವುದೂ ಸೋಲುವುದೂ ಒಂದೇ ಮಾತಿನ ಮೇಲೆ: ಬಟ್ಟೆ ಈ ಮೊದಲು ಬಾಳಿದ ಬಾಳು ಪಾತ್ರದ ಬಾಳಿಗೆ ಹತ್ತಿರವಿದೆಯೇ ಎಂಬುದರ ಮೇಲೆ.

ಇದನ್ನು ಒರೆಗೆ ಹಚ್ಚಲು ಕ್ರಿಸ್ಮಸ್ಸಿನ ಗೋದಲಿ ರೂಪಕ ಎಲ್ಲಕ್ಕಿಂತ ತಕ್ಕದ್ದು. ಇಟಲಿಯ ಗ್ರೆಚ್ಚೋ ಎಂಬ ಊರಿನಲ್ಲಿ 1223ರಲ್ಲಿ ಸಂತ ಫ್ರಾನ್ಸಿಸ್ ಹುಲ್ಲು ತುಂಬಿದ ಗೋದಲಿಯನ್ನಿಟ್ಟು, ಎತ್ತು ಕತ್ತೆಗಳನ್ನು ತಂದು ನಿಲ್ಲಿಸಿ ಯೇಸುವಿನ ಹುಟ್ಟನ್ನು ಕಣ್ಣಿಗೆ ಕಟ್ಟಿಸಿದ. ಇಂದು ಚರ್ಚಿನ ಅಂಗಳಗಳಲ್ಲಿ, ಸಾಲೆಗಳ ವೇದಿಕೆಗಳಲ್ಲಿ ಮಕ್ಕಳು ಮರಿಯಳಾಗಿ, ಕುರುಬರಾಗಿ, ದೇವದೂತರಾಗಿ ನಿಲ್ಲುತ್ತಾರೆ. ಅಲ್ಲಿ ಬಹುಪಾಲು ವೇಷಗಳು ಕ್ರಿಸ್ಮಸ್ ಕಾರ್ಡು ನೋಡಿ ಹೊಲಿದವು, ಇಲ್ಲವೇ ಬಾಡಿಗೆಗೆ ತಂದವು. ಆದರೆ ಗೋದಲಿ ಎಂಬ ಮಾತನ್ನು ನಮ್ಮ ಕಡೆಯವರಿಗೆ ಬಿಡಿಸಿ ಹೇಳಬೇಕಿಲ್ಲ. ಬಬಲೇಶ್ವರ, ಟಿಕೋಟಾ ಕಡೆಯ ಹಳೆ ಮನೆಗಳಲ್ಲಿ ತಲೆಬಾಗಿಲು ದಾಟಿದರೆ ಮೊದಲು ಸಿಗುವುದೇ ದನದ ಗ್ವಾದಲಿ. ಮನುಷ್ಯರು ಕೂಡುವ ಪಡಸಾಲೆ ಅದರಾಚೆ, ಒಂದೆರಡು ಮೆಟ್ಟಿಲು ಮೇಲೆ. ಹುಲ್ಲಿನ ವಾಸನೆಯಲ್ಲಿ ಕೂಸು ಹುಟ್ಟಿತು ಎಂದರೆ ಇಲ್ಲಿನ ಮುದುಕಿಯರಿಗೆ ಅದು ದೂರದೇಶದ ಸುದ್ದಿಯಲ್ಲ.

ಕುರುಬರಿಂದಲೇ ಶುರು ಮಾಡೋಣ. ಹೊಲದಲ್ಲಿ ರಾತ್ರಿ ಕುರಿ ಕಾಯುತ್ತಿದ್ದವರಿಗೆ ಮೊದಲು ಸುದ್ದಿ ಮುಟ್ಟಿತೆಂದು ಲೂಕನ ಸುವಾರ್ತೆ ಹೇಳುತ್ತದೆ. ನಮ್ಮಲ್ಲಿಯೂ ಗೊಬ್ಬರಕ್ಕೆಂದು ರೈತರು ಹೊಲದಲ್ಲಿ ರಾತ್ರಿ ಕುರಿ ನಿಲ್ಲಿಸಿಕೊಳ್ಳುತ್ತಾರೆ. ಕಾಯುವವರು ಹಿಂಡಿನ ಪಕ್ಕದಲ್ಲೇ ಕಂಬಳಿ ಹೊದ್ದು ಮಲಗುತ್ತಾರೆ. ಹೀಗಿದ್ದೂ ವೇದಿಕೆಯ ಮೇಲಿನ ಕುರುಬ ಬರುವುದು ಟರ್ಕಿ ಟವೆಲನ್ನು ತಲೆಗೆ ಕಟ್ಟಿಕೊಂಡು. ಅದಕ್ಕಿಂತ ಕೆಟ್ಟದ್ದು ಗೋಣಿಚೀಲ ಕತ್ತರಿಸಿ, ಅದಕ್ಕೆ ಬೇಕೆಂತಲೇ ತೇಪೆ ಹಚ್ಚಿ, ಮುಖಕ್ಕೆ ಮಸಿ ಬಳಿದು ಮಾಡುವ ಕುರುಬ. ಹಳತು ಬೇರೆ, ಹರಕು ಬೇರೆ. ಕುರಿ ಕಾಯುವವನು ಹರಕನಾಗಿಯೇ ಕಾಣಬೇಕೆಂದು ಮಕ್ಕಳಿಗೆ ಕಲಿಸುವ ಆ ವೇಷ ನನಗೆ ನೋವು ತರುತ್ತದೆ. ಆ ಸಾಲೆಯಲ್ಲಿ ಕುರುಬರ ಮನೆಯ ಮಕ್ಕಳೂ ಕೂತು ನೋಡುತ್ತಿರುತ್ತಾರೆ.

ಸವೆದ ಕರಿ ಕಂಬಳಿಯೊಂದು ಅಟ್ಟದ ಮೇಲಿದ್ದರೆ ಸಾಕು. ಅಗಲದ ಒಂದು ಮೂಲೆಯನ್ನು ಒಳಗೆ ಮಡಚಿ ತಲೆಯ ಮೇಲಿಟ್ಟರೆ ಮಳೆಗಾಲದಲ್ಲಿ ಹಾಕಿಕೊಳ್ಳುವ ಕೊಪ್ಪಿ ತಯಾರು. ಕತ್ತರಿ ಬೇಕಿಲ್ಲ, ಗದ್ದದ ಕೆಳಗೆ ನಾಲ್ಕು ದೊಡ್ಡ ಟಾಕಿ ಹಾಕಿದರೆ ನಿಲ್ಲುತ್ತದೆ. ಕಂಬಳಿಗೆ ಎರಡು ದೋಷಗಳಿವೆ: ಎಳೆ ಕತ್ತಿಗೆ ಚುಚ್ಚುತ್ತದೆ, ಆರು ವರ್ಷದ ಹೆಗಲಿಗೆ ಭಾರವಾಗುತ್ತದೆ. ಅದಕ್ಕೆ ಇಡೀ ಕಂಬಳಿ ಬಿಟ್ಟು ಹರಿದುಳಿದ ಅರ್ಧವನ್ನು ತೆಗೆದುಕೊಂಡು, ಕುತ್ತಿಗೆ ತಾಗುವಲ್ಲಿ ಹಳೆ ಹತ್ತಿ ಸೀರೆಯ ಪಟ್ಟಿಯನ್ನು ಒಳಗಿನಿಂದ ಹೊಲಿಯಬೇಕು. ಇನ್ನೊಂದು ಗುಣವನ್ನೂ ಮರೆಯಬಾರದು. ಮೇಣದಬತ್ತಿ ಹಿಡಿದು ನಡೆಯುವ ರೂಪಕದಲ್ಲಿ ಉಣ್ಣೆಗೆ ಕಿಡಿ ಸುಲಭಕ್ಕೆ ಹತ್ತುವುದಿಲ್ಲ. ಬಾಡಿಗೆಯ ನೈಲಾನ್ ಕರಗಿ ಮೈಗೆ ಅಂಟುತ್ತದೆ.

ಮರಿಯಳಿಗೆ ನೀಲಿಯೇ ಆಗಬೇಕೆಂಬ ಹಟ ಎಲ್ಲೆಡೆ ಇದೆ. ಆ ನೀಲಿ ಬಂದದ್ದು ಯುರೋಪಿನ ಚಿತ್ರಕಾರರಿಂದ. ಅಫ್ಗಾನಿಸ್ತಾನದ ಬದಖ್ಶಾನಿನ ಕಲ್ಲನ್ನು ಅರೆದು ತೆಗೆದ ದುಬಾರಿ ಬಣ್ಣವದು, ಭಕ್ತಿಯಿಂದ ಆಕೆಗೆ ಮೀಸಲಿಟ್ಟದ್ದು. ಭಕ್ತಿಯಿಂದ ಮೀಸಲಿಡುವುದಕ್ಕೆ ನಮ್ಮಲ್ಲಿಯೂ ಬಟ್ಟೆ ಇದೆ. ಇಳಕಲ್ಲೂ ಗುಳೇದಗುಡ್ಡವೂ 1997ರಲ್ಲಿ ಬಾಗಲಕೋಟೆ ಜಿಲ್ಲೆ ಬೇರೆಯಾಗುವ ತನಕ ನಮ್ಮ ವಿಜಯಪುರ ಜಿಲ್ಲೆಯ ಊರುಗಳೇ. ಇಳಕಲ್ ಸೀರೆಯಲ್ಲಿ ಮೈಯ ನೂಲಿಗೆ ಸೆರಗಿನ ರೇಷ್ಮೆಯನ್ನು ಕೊಂಡಿ ಹಾಕಿ ಕೂಡಿಸಿ ನೇಯುತ್ತಾರೆ. ಹತ್ತಿಯ ಮೈ ಸವೆದು ಹೋದ ಮೇಲೂ ಕೆಂಪು ಸೆರಗು ಗಟ್ಟಿಯಾಗಿ ಉಳಿಯುವುದರಿಂದ ಅದನ್ನು ಬಿಸಾಡಲು ಯಾರಿಗೂ ಮನಸ್ಸು ಬರುವುದಿಲ್ಲ. ಅಜ್ಜಿಯ ಟ್ರಂಕಿನಿಂದ ಹೊರಬಂದ ಅಂಥ ಸೆರಗನ್ನು ತಲೆಯ ಮೇಲೆ ಹೊದ್ದ ಹುಡುಗಿ ಕೈಯನ್ನು ಎಲ್ಲಿಡಬೇಕೆಂದು ಯಾರನ್ನೂ ಕೇಳುವುದಿಲ್ಲ. ಸೆರಗು ಹಿಡಿಯುವುದನ್ನು ಆಕೆ ಮನೆಯಲ್ಲಿ ದಿನವೂ ನೋಡಿದ್ದಾಳೆ. ಬಟ್ಟೆಯೇ ಅರ್ಧ ಅಭಿನಯ ಮಾಡಿಬಿಡುತ್ತದೆ.

ಗೋದಲಿಯಲ್ಲಿ ಮಲಗಿಸಲು ಅಂಗಡಿಯ ಗೊಂಬೆಯನ್ನು ಲೇಸಿನ ಫ್ರಾಕು ಸಮೇತ ತರುತ್ತಾರೆ. ಕೂಸನ್ನು ಬಟ್ಟೆಯಲ್ಲಿ ಸುತ್ತಿದರೆಂಬುದು ಕತೆಯಲ್ಲೇ ಇದೆ. ಬಸುರಿಯ ಮನೆಯಲ್ಲಿ ತಿಂಗಳುಗಟ್ಟಲೆ ಮೊದಲೇ ಹಳೆ ಧೋತರ ಒಗೆದು, ಹರಿದು, ಮಡಚಿಡುವುದು ನಮ್ಮ ಪದ್ಧತಿ. ಹುಟ್ಟಿದ ಕೂಸಿನ ಮೈಗೆ ಅಷ್ಟು ಮೆತ್ತನೆಯದು ಬೇರೆ ಇಲ್ಲ. ಆ ಧೋತರದ ತುಂಡೇ ಗೊಂಬೆಗೂ ಬೇಕು. ತಲೆಗೆ ಗುಳೇದಗುಡ್ಡದ ಹಳೆಯ ಖಣದ ಕುಂಚಿಗೆ ಇದ್ದರೆ ಇನ್ನೂ ಚಂದ.

ಮೂಡಣದಿಂದ ಬಂದ ಜ್ಞಾನಿಗಳ ವಿಷಯದಲ್ಲಿ ಮನೆಯ ಹೊಲಿಗೆ ಹೆಚ್ಚಾಗಿ ಸೋಲುತ್ತದೆ. ಮತ್ತಾಯನು ಅವರನ್ನು ರಾಜರೆಂದಿಲ್ಲ, ಮೂವರೆಂದೂ ಎಣಿಸಿಲ್ಲ. ನಾವೋ ಹಳೆ ಪರದೆಗೆ ಜರಿಪಟ್ಟಿ ಹಚ್ಚಿ, ರಟ್ಟಿನ ಕಿರೀಟಕ್ಕೆ ಬೇಗಡೆ ಅಂಟಿಸಿ ಬಾಡಿಗೆಯ ಮಿಂಚಿನ ಜೊತೆ ಸ್ಪರ್ಧೆಗಿಳಿಯುತ್ತೇವೆ. ಪರದೆ ಎಷ್ಟು ಮಿಂಚಿದರೂ ಪರದೆಯಾಗಿಯೇ ಕಾಣುತ್ತದೆ. ಅವರು ನಕ್ಷತ್ರ ನೋಡಿ ಹೊರಟವರು. ರೋಹಿಣಿ, ಮೃಗಶಿರ, ಹಸ್ತ, ಸ್ವಾತಿ ಎಂದು ಮಳೆಯನ್ನು ನಕ್ಷತ್ರದ ಹೆಸರಿನಿಂದಲೇ ಎಣಿಸುವ ಹಿರಿಯರು ನಮ್ಮ ಕಟ್ಟೆಗಳ ಮೇಲೆ ಕೂತಿದ್ದಾರೆ. ಅವರ ರುಮಾಲು, ಅವರ ಧೋತರ ಹಾಕಿದರೆ ಹುಡುಗರು ಆಕಾಶ ನೋಡುವವರಂತೆ ಕಾಣುತ್ತಾರೆ.

ದೇವದೂತರಿಗೆ ರೆಕ್ಕೆ ಬೇಕು. ಟಿಕೋಟಾ ದ್ರಾಕ್ಷಿಯ ಸೀಮೆ. ಒಣದ್ರಾಕ್ಷಿ ಶೆಡ್ಡಿನಿಂದ ತೆಗೆದ ಹಳೆ ಜಾಳಿಗೆಯನ್ನು ತಂತಿಗೆ ಬಿಗಿದು ಮಾಡಿದ ರೆಕ್ಕೆ ನೋಡಿದ್ದೇನೆ. ದೂರಕ್ಕೆ ಹಗುರ, ಬೆಳಕು ಒಳಗಿಂದ ಹಾಯುತ್ತದೆ, ಮಗುವಿಗೆ ಓಡಲೂ ಬರುತ್ತದೆ. ಹತ್ತಿರ ಹೋದರೆ ಅದರ ಕತ್ತರಿಸಿದ ಅಂಚು ಬೆನ್ನಿಗೆ ಗೀರು ಹಾಕಿತ್ತು. ಅಂಚಿಗೆ ಬಟ್ಟೆಯ ಪಟ್ಟಿ ಕೊಡದ ರೆಕ್ಕೆಯನ್ನು, ಅದೆಷ್ಟೇ ಚೆಂದವಿದ್ದರೂ, ನಾನು ಒಳ್ಳೆಯದೆನ್ನಲಾರೆ. ವೇಷದ ಮೊದಲ ಪ್ರೇಕ್ಷಕ ಅದನ್ನು ತೊಟ್ಟ ಮೈ.

ಇಷ್ಟೆಲ್ಲ ಹೊಗಳಿದ ಮೇಲೆ ಈ ರೂಢಿಯ ದೊಡ್ಡ ಕೊರತೆಯನ್ನೂ ಹೇಳಬೇಕು. ಸಾಲೆಯಿಂದ ಚೀಟಿ ಬರುವುದು ಹಿಂದಿನ ದಿನ ಸಂಜೆ. ರೊಟ್ಟಿ ಬಡಿದು, ಭಾಂಡೆ ತೊಳೆದು ಮುಗಿಸಿದ ತಾಯಿ ರಾತ್ರಿ ಹನ್ನೊಂದಕ್ಕೆ ಸೂಜಿಗೆ ದಾರ ಪೋಣಿಸುತ್ತಾಳೆ. ಮರುದಿನ ಬಹುಮಾನ ಬಾಡಿಗೆಯ ಸಾಟಿನ್ನಿಗೆ ಹೋಗುತ್ತದೆ. ಅವಳ ಕೆಲಸಕ್ಕೆ ಬೆಲೆ ಕೊಡುವ ಮನಸ್ಸಿದ್ದರೆ ಸಾಲೆಗಳು ಎರಡು ವಾರ ಮೊದಲು ತಿಳಿಸಲಿ, ಗಂಡಸರೂ ಮಕ್ಕಳೂ ಟಾಕಿ ಹಾಕುವುದನ್ನು ಕಲಿಯಲಿ, ತೀರ್ಪುಗಾರರು ವೇಷವನ್ನು ಒಳಮಗ್ಗುಲಿನಿಂದಲೂ ನೋಡಲಿ. ಮಗು ಕೈಯೆತ್ತಿದರೆ ಹೊಲಿಗೆ ಎಳೆಯುತ್ತದೆಯೇ, ಬಟ್ಟೆ ಕತ್ತರಿಸಿದ್ದಾರೋ ಮಡಚಿದ್ದಾರೋ, ನಾಳೆ ಅದು ಏನಾಗುತ್ತದೆ ಎಂದು ಕೇಳಲಿ.

ಈ ಕೊನೆಯ ಪ್ರಶ್ನೆ ನನಗೆ ಎಲ್ಲಕ್ಕಿಂತ ಮುಖ್ಯ. ನಮ್ಮಲ್ಲಿ ಸೀರೆ ಸವೆದರೆ ಕೌದಿಯಾಗುತ್ತದೆ, ಕೌದಿ ಸವೆದರೆ ಒರೆಸುವ ಬಟ್ಟೆಯಾಗುತ್ತದೆ. ವೇಷ ಆ ದಾರಿಯಲ್ಲಿ ಒಂದು ರಾತ್ರಿಯ ತಂಗುದಾಣ. ಬಟ್ಟೆಯನ್ನು ಕೆಡಿಸದೆ ಮುಂದಕ್ಕೆ ಕಳಿಸಿಕೊಡುವ ವೇಷವೇ ಚೆನ್ನಾಗಿ ಹೊಲಿದ ವೇಷ.

ತಂಗಿಯ ಮಗನಿಗೆ ಬಹುಮಾನ ಬರಲಿಲ್ಲ. ಗ್ಯಾದರಿಂಗ್ ಮುಗಿದ ಮೂರನೆಯ ದಿನ ಅವಳು ಬಿಚ್ಚಿಟ್ಟ ಕಿಸೆಯನ್ನು ಆ ಬಿಳುಪಿನ ಮೇಲಿಟ್ಟು, ಹಳೆಯ ತೂತುಗಳಲ್ಲೇ ಸೂಜಿ ಹಾಯಿಸಿ ಹೊಲಿದಳು. ಗೆರೆ ಒಂದಿಷ್ಟೂ ತಪ್ಪಲಿಲ್ಲ. ಅಂಗಿ ತೊಟ್ಟು ಅವಳ ಗಂಡ ಕೆಲಸಕ್ಕೆ ಹೋದ, ಕಿಸೆಯಲ್ಲಿ ಪೆನ್ನು ಇಟ್ಟುಕೊಂಡು.