ಮಾಲಿಪಾಟೀಲರಿಗೆ ತೋಟವಿರಲಿಲ್ಲ

ರಾಯಿಕೋಡ್, ಜಹೀರಾಬಾದ್, ನಾರಾಯಣಖೇಡ, ತಾಂಡೂರು ಸೀಮೆಯಲ್ಲಿ ಅಡ್ಡಹೆಸರು ಕಿವಿಗೆ ಬಿದ್ದರೆ ಸಾಕು, ಜಾತಿ, ಮೂಲ, ಮನೆಮಾತು ಮೂರನ್ನೂ ಒಟ್ಟಿಗೇ ಊಹಿಸಿಬಿಡುವ ರೂಢಿಯಿದೆ. ಈ ಊಹೆ ಎಷ್ಟು ಸಡಿಲ ಎಂಬುದಕ್ಕೆ ‘ಮಾಲಿಪಾಟೀಲ’ ಎಂಬ ಹೆಸರೊಂದೇ ಸಾಕು. ಮಾಲಿ ಎಂದರೆ ತೋಟಗಾರ, ಹಾಗಾಗಿ ಹಿರಿಯರು ತೋಟದವರು ಎಂದು ಬಿಡಿಸುವುದು ಸುಲಭ, ಸುಲಭವಾದ್ದರಿಂದಲೇ ಅನುಮಾನಿಸಬೇಕು. ನಿಜಾಮರ ಕಾಲದ ಹಳ್ಳಿಯಲ್ಲಿ ಕಂದಾಯ ವಸೂಲಿಗೆ ಮಾಲಿಪಾಟೀಲ, ಕಳವು-ತಂಟೆ ನೋಡಲು ಪೊಲೀಸ್ ಪಾಟೀಲ, ಲೆಕ್ಕ ಬರೆಯಲು ಪಟವಾರಿ. ಇಲ್ಲಿಯ ‘ಮಾಲ್’ ಆಸ್ತಿ, ಕಂದಾಯ ಎಂಬ ಅರ್ಥದ ಅರಬ್ಬಿ ಮೂಲದ ಮಾತು. ‘ಪಾಟೀಲ’ದ ಬೇರು ಇನ್ನೂ ಹಿಂದಿನದು: ಮಾಳವದ ಪರಮಾರರ ದಾನಶಾಸನಗಳಲ್ಲಿ ಊರ ಮುಖ್ಯಸ್ಥನನ್ನು ‘ಪಟ್ಟಕಿಲ’ ಎಂದು ಕರೆದಿದೆ. ಎಲ್ಲಿಯ ಅರಬ್ಬಿ, ಎಲ್ಲಿಯ ಮಾಳವ! ಎರಡೂ ಕೂಡಿ ಕನ್ನಡದ ಮನೆಗೆ ಹೆಸರಾದವು. ಆ ಹೆಸರು ಹೇಳುವುದು ಗಾದಿಯನ್ನು, ರಕ್ತವನ್ನಲ್ಲ.

ಪಾಟೀಲಕಿ ತಂದೆಯಿಂದ ಮಗನಿಗೆ ಬರುತ್ತಿದ್ದ ವತನ, ಹಾಗಾದರೆ ಹೆಸರೂ ವಂಶದ ಗುರುತೇ ಅಲ್ಲವೇ ಎಂಬ ಆಕ್ಷೇಪ ಹುರುಳಿರುವಂಥದ್ದು. ಆದರೆ ವತನ ಪಾಲಾಗುತ್ತಿತ್ತು, ಮಾರಾಟವಾಗುತ್ತಿತ್ತು, ದತ್ತುಮಗನಿಗೂ ಹೋಗುತ್ತಿತ್ತು. ದಫ್ತರ ಮುಟ್ಟದ ಕವಲುಗಳೂ ಹೆಸರನ್ನು ಇಟ್ಟುಕೊಂಡವು. ಲಿಂಗಾಯತರಲ್ಲಿ, ಮರಾಠರಲ್ಲಿ, ಜೈನರಲ್ಲಿ, ಮುಸ್ಲಿಮರಲ್ಲಿ ಪಾಟೀಲರಿರುವುದಕ್ಕೆ ಬೇರೆ ವಿವರಣೆ ಬೇಕಿಲ್ಲ. ‘ಕುಲಕರ್ಣಿ’ ಎಂದಾಗ ಜಾತಿಯ ಊಹೆ ಬಹುಪಾಲು ಸರಿಹೋಗುತ್ತದೆ, ಒಪ್ಪೋಣ. ಅದು ಲೆಕ್ಕ ಬರೆಯುವ ಕೆಲಸ ಯಾರ ಕೈಯಲ್ಲಿತ್ತು ಎಂಬುದರ ಫಲ. ಹೆಸರಿನ ಅರ್ಥದಿಂದ ಬಂದದ್ದಲ್ಲ.

ಇದು ನಮ್ಮ ಸೀಮೆಗಷ್ಟೇ ಸೇರಿದ ವಿಚಿತ್ರವೂ ಅಲ್ಲ. ಹಂಗೇರಿಯಲ್ಲಿ ‘ಬೀರೋ’ ಎಂದರೆ ನ್ಯಾಯಾಧೀಶ, ಹಿಂದೆ ಊರ ಮುಖ್ಯಸ್ಥ. ಅಲ್ಲಿಯ ಪಾಟೀಲ ಅನ್ನಿ. ಬಾಲ್‌ಪೆನ್ನಿಗೆ ಹೆಸರಾದ ಲಾಸ್ಲೋ ಬೀರೋ ಆ ಹೆಸರಿನವನೇ. ಆದರೆ 1899ರಲ್ಲಿ ಬುಡಾಪೆಸ್ಟಿನ ಯಹೂದಿ ಮನೆಯಲ್ಲಿ ಹುಟ್ಟಿದಾಗ ಅವನು ಶ್ವೈಗರ್. ಬೀರೋ ಎಂಬುದು ಆಮೇಲೆ ಬಂದ ಹೆಸರು. ಅರ್ಥವನ್ನೇ ನಂಬಿ ಅವನ ಮುತ್ತಜ್ಜನಿಗೆ ಊರಗೌಡಿಕೆ ಕಟ್ಟಿದರೆ ನಗೆಪಾಟಲಾಗುತ್ತದೆ. (ಪಟವಾರಿಯ ಕೈಗೆ ಹೊಸ ಪೆನ್ನು ಕೊಟ್ಟವನು ಗೌಡಿಕೆಯ ಹೆಸರಿನವನು ಎಂಬುದು ಮಾತ್ರ ಸೊಗಸು.)

ಗಡಿಯಲ್ಲಿ ಈ ತಪ್ಪೋದಿಗೆ ಭಾಷೆಯ ಜಗಳವೂ ಅಂಟಿಕೊಳ್ಳುತ್ತದೆ. 1956ರ ನವೆಂಬರ್ 1ರಂದು ಬೀದರ್ ಜಿಲ್ಲೆಯ ನಾರಾಯಣಖೇಡ ತಾಲೂಕು, ನಿರ್ಣಾ ವಲಯ ಬಿಟ್ಟು ಉಳಿದ ಜಹೀರಾಬಾದ್, ಕಲಬುರಗಿ ಜಿಲ್ಲೆಯ ತಾಂಡೂರು ಆಂಧ್ರಪ್ರದೇಶಕ್ಕೆ ಸೇರಿದವು. ತೆಲುಗಿನಲ್ಲಿ ಮನೆತನದ ಹೆಸರು ಮೊದಲು, ಅದೂ ಹೆಚ್ಚಾಗಿ ಒಂದಕ್ಷರವಾಗಿ; ನಮ್ಮಲ್ಲಿ ಕೊನೆಗೆ, ಇಡಿಯಾಗಿ. ಹೆಸರು ಎಲ್ಲಿ ಕೂತಿದೆ ಎನ್ನುವುದರಿಂದ ಮನೆಮಾತು ನಿರ್ಧರಿಸುವವರು ಶಾಲೆಯ ದಾಖಲಾತಿ ಬರೆದವರ ರೂಢಿಯನ್ನೇ ಓದುತ್ತಿರಬಹುದು. ವಂಶವೃಕ್ಷ ಬರೆಯಹೊರಟವರು ಹೆಸರು ಬಿಡಿಸುವ ಮೊದಲು ಪಹಣಿ, ಹಕ್ಕುಪತ್ರ, ಹಳೆಯ ಉರ್ದು ಕಾಗದ ಬಿಚ್ಚಲಿ. ಹೆಸರು ಉಳಿದಿದೆ, ಅದು ಹೇಳುತ್ತಿದ್ದ ಗಾದಿ ಉಳಿದಿಲ್ಲ: ಪಟೇಲ್-ಪಟವಾರಿ ಹುದ್ದೆಗಳನ್ನು ಆಂಧ್ರಪ್ರದೇಶ ಸರ್ಕಾರ 1984ರಲ್ಲೇ ತೆಗೆದುಹಾಕಿತು.