ತಟ್ಟೆಯ ಉಂಗುರ ಮತ್ತು ಅಜ್ಜಿಯ ಕಷಾಯ: ಔಷಧಿ ಗಿಡಗಳ ಪರೀಕ್ಷೆಗಳ ಬಗ್ಗೆ ಒಂದು ವಿಮರ್ಶೆ

ಬೇವು, ತುಳಸಿ, ದೊಡ್ಡಪತ್ರೆ, ಲಕ್ಕಿ, ನೆಲಬೇವು ಇವುಗಳ ಸಾರ ಬ್ಯಾಕ್ಟೀರಿಯಾಗಳನ್ನು ಕೊಲ್ಲುತ್ತದೆ ಎಂದು ತೋರಿಸುವ ಸಂಶೋಧನಾ ಲೇಖನಗಳು ಭಾರತದ ಕಾಲೇಜು, ವಿಶ್ವವಿದ್ಯಾಲಯಗಳಿಂದ ಪ್ರತಿವರ್ಷ ರಾಶಿ ರಾಶಿಯಾಗಿ ಹೊರಬರುತ್ತವೆ. ಕೆಲವು ವಾಟ್ಸ್‌ಆ್ಯಪ್ ಹತ್ತಿ ಇಂಗ್ಲೆಂಡಿನ ನಮ್ಮ ಅಡುಗೆಮನೆಗಳಿಗೂ ತಲುಪುತ್ತವೆ. ನಾನು ಆಸ್ಪತ್ರೆಯೊಂದರ ಮೈಕ್ರೋಬಯಾಲಜಿ ಪ್ರಯೋಗಾಲಯದಲ್ಲಿ ಕೆಲಸ ಮಾಡುವವನು. ಸಂಘದ ಯುಗಾದಿ ಊಟದ ಸಾಲಿನಲ್ಲಿ ಯಾರಾದರೊಬ್ಬರು ಕೇಳಿಯೇ ಕೇಳುತ್ತಾರೆ: "ತುಳಸಿ ಇಂಥ ಬ್ಯಾಕ್ಟೀರಿಯಾನೆಲ್ಲ ಕೊಲ್ಲತ್ತಂತಲ್ಲ, ಮತ್ತೆ ಇಲ್ಲಿನ ಡಾಕ್ಟರು ಯಾಕೆ ಕೊಡಲ್ಲ?" ನ್ಯಾಯವಾದ ಪ್ರಶ್ನೆ. ಕೈಯಲ್ಲಿ ತಟ್ಟೆ ಹಿಡಿದು ನಿಂತಾಗ ಉತ್ತರಿಸುವಂಥದ್ದಲ್ಲ, ಆದ್ದರಿಂದ ಇಲ್ಲಿ ಬರೆಯುತ್ತಿದ್ದೇನೆ.

ಈ ಲೇಖನಗಳಲ್ಲಿ ಹೆಚ್ಚಿನವಕ್ಕೆ ಒಂದೇ ಅಚ್ಚು. ಎಲೆಯನ್ನು ನೆರಳಿನಲ್ಲಿ ಒಣಗಿಸಿ, ಪುಡಿ ಮಾಡಿ, ಮೆಥನಾಲ್‌ನಲ್ಲಿ ನೆನೆಹಾಕಿ ಸಾರ ತೆಗೆಯುತ್ತಾರೆ. ಅಗರ್ ತುಂಬಿದ ಪೆಟ್ರಿ ತಟ್ಟೆಯ ಮೇಲೆ ಬ್ಯಾಕ್ಟೀರಿಯಾ ಹರಡಿ, ಸಾರ ಹೀರಿಸಿದ 6 ಮಿಲಿಮೀಟರ್ ಅಗಲದ ಕಾಗದದ ಬಿಲ್ಲೆಯನ್ನು ಇಡುತ್ತಾರೆ. ಮರುದಿನ ಬಿಲ್ಲೆಯ ಸುತ್ತ ಬ್ಯಾಕ್ಟೀರಿಯಾ ಬೆಳೆಯದ ತಿಳಿಯಾದ ಉಂಗುರ ಕಂಡರೆ ಅದನ್ನು ಅಳೆಯುತ್ತಾರೆ. 18 ಮಿಲಿಮೀಟರ್ ಬಂದ ಗಿಡ 12 ಬಂದ ಗಿಡಕ್ಕಿಂತ ಶಕ್ತಿಶಾಲಿ ಎಂದು ಬರೆಯುತ್ತಾರೆ. ನಮ್ಮ ಪೂರ್ವಿಕರ ಜ್ಞಾನ ವೈಜ್ಞಾನಿಕವಾಗಿ ಸಾಬೀತಾಯಿತು ಎಂಬ ಮಾತಿನೊಂದಿಗೆ ಲೇಖನ ಮುಗಿಯುತ್ತದೆ.

ಬಿಲ್ಲೆಯ ಈ ವಿಧಾನವನ್ನು ಬೌವರ್, ಕರ್ಬಿ ಮತ್ತು ಸಂಗಡಿಗರು 1966ರಲ್ಲಿ ಒಂದು ಅಚ್ಚುಕಟ್ಟಾದ ಕ್ರಮಕ್ಕೆ ತಂದರು. ನಾವು ಪ್ರಯೋಗಾಲಯದಲ್ಲಿ ಇಂದಿಗೂ ಅದನ್ನೇ ಬಳಸುತ್ತೇವೆ. ಆದರೆ ನಮ್ಮ ಬಿಲ್ಲೆಯಲ್ಲಿರುವುದು ಒಂದೇ ಶುದ್ಧ ಔಷಧಿ, ಅದೂ ಗೊತ್ತಾದ ಅಳತೆಯಲ್ಲಿ. ಎಷ್ಟು ಅಗಲದ ಉಂಗುರ ಬಂದರೆ ರೋಗಿಗೆ ಅದು ನಾಟುತ್ತದೆ ಎಂಬುದನ್ನು ಔಷಧಿ ಔಷಧಿಗೂ ಬೇರೆಯಾಗಿ ನಿಗದಿ ಮಾಡಿರುತ್ತಾರೆ. ಗಿಡದ ಸಾರದಲ್ಲಿ ಇರುವುದು ನೂರಾರು ವಸ್ತುಗಳ ಕಲಸು. ಅಗರ್ ಎಂದರೆ ಹೆಚ್ಚೂಕಡಿಮೆ ಗಟ್ಟಿಯಾದ ನೀರು. ನೀರಿನಲ್ಲಿ ಕರಗುವ ವಸ್ತು ಅದರಲ್ಲಿ ದೂರ ಹರಿಯುತ್ತದೆ, ಎಣ್ಣೆಯಲ್ಲಿ ಕರಗುವ ವಸ್ತು ಬಿಲ್ಲೆಯ ಬುಡದಲ್ಲೇ ಕೂರುತ್ತದೆ. ಆದ್ದರಿಂದ ಎರಡು ಗಿಡಗಳ ಉಂಗುರಗಳನ್ನು ಹೋಲಿಸಿದಾಗ ಸಿಗುವ ಉತ್ತರದಲ್ಲಿ ಯಾವುದು ಹೆಚ್ಚು ಕೊಲ್ಲುತ್ತದೆ ಎಂಬುದೂ ಯಾವುದು ಹೆಚ್ಚು ಹರಡುತ್ತದೆ ಎಂಬುದೂ ಬೆರೆತುಹೋಗಿರುತ್ತವೆ.

ಇನ್ನು ಪ್ರಮಾಣದ ಪ್ರಶ್ನೆ. ಪೆನಿಸಿಲಿನ್‌ಗೆ ಬಗ್ಗುವ ಸ್ಟ್ಯಾಫಿಲೋಕಾಕಸ್ ಅನ್ನು ತಡೆಯಲು ಮಿಲಿಲೀಟರಿಗೆ ಒಂದು ಮೈಕ್ರೋಗ್ರಾಂಗಿಂತ ಕಡಿಮೆ ಸಾಕು. ಅನೇಕ ಗಿಡಲೇಖನಗಳಲ್ಲಿ ಮಾತು ಮಿಲಿಗ್ರಾಂಗಳಲ್ಲಿ, ಅಂದರೆ ಸಾವಿರಾರು ಪಟ್ಟು. ಮಿಲಿಲೀಟರಿಗೆ 10 ಮಿಲಿಗ್ರಾಂ ಬೇಕೆಂದು ಇಟ್ಟುಕೊಳ್ಳಿ. ಮೈಯ ಐದು ಲೀಟರ್ ರಕ್ತದಲ್ಲಿ ಆ ಮಟ್ಟ ತಲುಪಲು 50 ಗ್ರಾಂ ಒಣಸಾರ ನೇರ ರಕ್ತಕ್ಕೇ ಇಳಿಯಬೇಕು. ಆ ಪ್ರಮಾಣದಲ್ಲಿ ಸಾಬೂನು ಕೂಡ ತಟ್ಟೆಯಲ್ಲಿ ಪವಾಡ ಮಾಡಬಲ್ಲದು. ರೀಯೋಸ್ ಮತ್ತು ರೇಸಿಯೋ ಎಂಬ ಸ್ಪೇನಿನ ಇಬ್ಬರು ಸಂಶೋಧಕರು 2005ರಲ್ಲೇ ಇದನ್ನು ಎತ್ತಿ ಆಡಿದ್ದರು: ಸಾರವಾದರೆ ಮಿಲಿಲೀಟರಿಗೆ 1 ಮಿಲಿಗ್ರಾಂ ಮೀರಿದ ಪ್ರಯೋಗಗಳನ್ನು ಕೈಬಿಡಿ, 100 ಮೈಕ್ರೋಗ್ರಾಂಗಿಂತ ಕೆಳಗೆ ಕೆಲಸ ಮಾಡಿದರೆ ಆಸಕ್ತಿ ತೋರಿಸಿ ಎಂದರು. ಅವರ ಮಾತನ್ನು ಉಲ್ಲೇಖಿಸುವವರೂ ಕೆಲವೊಮ್ಮೆ ಪಾಲಿಸುವುದಿಲ್ಲ.

ಇದು ಬರಿಯ ಪಂಡಿತರ ತಕರಾರಲ್ಲ. ನಮ್ಮವರೇ ಒಬ್ಬರು ಮೂತ್ರದ ಸೋಂಕಿಗೆ ಐದು ದಿನ ಕಷಾಯ ಕುಡಿಯುತ್ತ ಕಾದು, ನಡುಕದ ಜ್ವರ ಬಂದ ಮೇಲೆ ಆಸ್ಪತ್ರೆ ಸೇರಿದರು. ಆಮೇಲೆ ತಮ್ಮ ಫೋನಿನಲ್ಲಿದ್ದ ಲೇಖನವನ್ನು ನನಗೆ ತೋರಿಸಿದರು. ಇ. ಕೋಲೈ ತಟ್ಟೆಯ ಮೇಲೆ ಚೆಂದದ ಉಂಗುರವಿತ್ತು. ಅವರು ಮೋಸಹೋಗುವಂಥವರಲ್ಲ, ಓದಿದವರು. ಅಚ್ಚಾದದ್ದನ್ನು ನಂಬಿದರು, ಅಷ್ಟೆ.

ಆದರೆ ನನ್ನ ಮುಖ್ಯ ದೂರು ಬೇರೆ. ಈ ಲೇಖನಗಳು ಅಜ್ಜಿಯನ್ನು ಅತಿಯಾಗಿ ನಂಬುತ್ತವೆ ಎಂದು ನನ್ನ ಇಲ್ಲಿನ ಸಹೋದ್ಯೋಗಿಗಳು ನಗುತ್ತಾರೆ. ನನಗೆ ಕಾಣುವುದು ಅದರ ತಿರುಗುಮುರುಗು: ಇವು ಅಜ್ಜಿಯ ಮಾತನ್ನು ಪೂರ್ತಿ ಕೇಳಿಸಿಕೊಳ್ಳುವುದೇ ಇಲ್ಲ. ಯಾವ ಅಜ್ಜಿಯೂ ಮೆಥನಾಲ್‌ನಲ್ಲಿ ಎಲೆ ನೆನೆಹಾಕಲಿಲ್ಲ. ಹಸಿಯೋ ಒಣಗಿದ್ದೋ, ಅರೆದದ್ದೋ ಕುದಿಸಿದ್ದೋ, ಜೊತೆಗೆ ಏನು ಸೇರಿಸಿದರು, ಯಾವ ತೊಂದರೆಗೆ ಎಷ್ಟು ದಿನ ಕೊಟ್ಟರು ಎಂಬುದೆಲ್ಲ ಲೇಖನದ ಮೊದಲ ಪ್ಯಾರಾದಲ್ಲೇ ಕಳೆದುಹೋಗುತ್ತದೆ. ಬೆಳ್ಳುಳ್ಳಿಯನ್ನೇ ನೋಡಿ. ಅದರ ಅಲಿಸಿನ್ ಎಂಬ ವಸ್ತು ಇಡೀ ಎಸಳಿನಲ್ಲಿ ಇರುವುದಿಲ್ಲ. ಜಜ್ಜಿದಾಗ ಒಂದು ಕಿಣ್ವದ ಕೆಲಸದಿಂದ ಹುಟ್ಟುತ್ತದೆ. ಮೊದಲೇ ಕುದಿಸಿದರೆ ಆ ಕಿಣ್ವ ಕೆಡುತ್ತದೆ. ಜಜ್ಜಿ ಅಂದರೆ ಜಜ್ಜಬೇಕು.

ಹೆಸರಿನ ಕಥೆಯೂ ಇದೆ. ಕರ್ನಾಟಕದಲ್ಲಿ ಒಂದೆಲಗವನ್ನು, ಅಂದರೆ ಸೆಂಟೆಲ್ಲಾ ಏಷಿಯಾಟಿಕಾವನ್ನು, ಬ್ರಾಹ್ಮಿ ಎನ್ನುವವರು ಬಹಳ. ಬೇರೆ ಕಡೆ ಬ್ರಾಹ್ಮಿ ಎಂದರೆ ಬಕೋಪಾ ಮೊನಿಯೇರಿ. ಎರಡಕ್ಕೂ ಕುಲದ ನಂಟೂ ಇಲ್ಲ. ಪರೀಕ್ಷಿಸಿದ ಗಿಡದ ಒಂದು ಮಾದರಿಯನ್ನು ಗುರುತಿಸಿ ಹರ್ಬೇರಿಯಂನಲ್ಲಿ ಇಡದಿದ್ದರೆ ಆ ಲೇಖನ ಯಾವ ಗಿಡದ ಬಗ್ಗೆ ಎಂದು ಯಾರೂ ಹೇಳಲಾರರು.

ಇನ್ನೊಂದು: ಎಲ್ಲ ಮದ್ದೂ ಬ್ಯಾಕ್ಟೀರಿಯಾ ಕೊಲ್ಲಲೆಂದೇ ಇರಲಿಲ್ಲ. ಆಡುಸೋಗೆಯನ್ನು ನಮ್ಮ ಊರುಗಳಲ್ಲಿ ಕೊಡುತ್ತಿದ್ದುದು ಕೆಮ್ಮಿಗೆ. ಅದರ ವ್ಯಾಸಿಸಿನ್ ಎಂಬ ವಸ್ತುವಿನ ಜಾಡು ಹಿಡಿದು 1960ರ ದಶಕದಲ್ಲಿ ಬ್ರೋಮ್‌ಹೆಕ್ಸಿನ್ ಎಂಬ ಕಫ ಕರಗಿಸುವ ಔಷಧಿ ಬಂತು. ಕೆಮ್ಮಿನ ಸಿರಪ್ಪುಗಳಲ್ಲಿ ನೀವು ಆ ಹೆಸರು ಓದಿರಬಹುದು. ಕಫ ಕರಗಿಸುವ ಗುಣ ಯಾವ ಪೆಟ್ರಿ ತಟ್ಟೆಯಲ್ಲೂ ಉಂಗುರವಾಗಿ ಕಾಣುವುದಿಲ್ಲ.

ಹಾಗಾದರೆ ಸರಿಯಾಗಿ ಮಾಡುವುದು ಹೇಗೆ? ಉದಾಹರಣೆ ನಮ್ಮ ಮಗ್ಗುಲಲ್ಲೇ ಇದೆ. ಬಾಲ್ಡ್‌ನ ವೈದ್ಯಗ್ರಂಥ ಎಂಬ, ಸುಮಾರು ಸಾವಿರ ವರ್ಷ ಹಳೆಯ ಇಂಗ್ಲಿಷ್ ಹಸ್ತಪ್ರತಿ ಲಂಡನ್ನಿನ ಬ್ರಿಟಿಷ್ ಲೈಬ್ರರಿಯಲ್ಲಿದೆ. ಅದರಲ್ಲೊಂದು ಕಣ್ಣಿನ ಮುಲಾಮು: ಬೆಳ್ಳುಳ್ಳಿ, ಅದೇ ಜಾತಿಯ ಇನ್ನೊಂದು ಗೆಡ್ಡೆ, ದ್ರಾಕ್ಷಾರಸದ ಮದ್ಯ, ಎತ್ತಿನ ಪಿತ್ತರಸ, ಎಲ್ಲವನ್ನೂ ಹಿತ್ತಾಳೆಯ ಪಾತ್ರೆಯಲ್ಲಿ ಒಂಬತ್ತು ರಾತ್ರಿ ಇಡಬೇಕು. ನಾಟಿಂಗ್‌ಹ್ಯಾಮ್ ವಿಶ್ವವಿದ್ಯಾಲಯದಲ್ಲಿ ಹಳೆ ಇಂಗ್ಲಿಷ್ ಬಲ್ಲ ಕ್ರಿಸ್ಟಿನಾ ಲೀ ಮತ್ತು ಸೂಕ್ಷ್ಮಜೀವಿ ವಿಜ್ಞಾನಿ ಫ್ರೇಯಾ ಹ್ಯಾರಿಸನ್ ಮತ್ತಿತರರು ಸೇರಿ ಇದನ್ನು ಅಕ್ಷರಶಃ ಮಾಡಿನೋಡಿದರು. ಆ ಗೆಡ್ಡೆಯ ಹೆಸರು ಈರುಳ್ಳಿಯೋ ಲೀಕೋ ಎಂಬುದು ಸ್ಪಷ್ಟವಿರಲಿಲ್ಲ, ಎರಡನ್ನೂ ಪ್ರಯೋಗಿಸಿದರು. 2015ರಲ್ಲಿ ಪ್ರಕಟವಾದ ಫಲಿತಾಂಶದಲ್ಲಿ ಆ ಮುಲಾಮು ಔಷಧಿಗಳಿಗೆ ಬಗ್ಗದ ಸ್ಟ್ಯಾಫಿಲೋಕಾಕಸ್ ಅನ್ನು, ಅಂದರೆ ಎಂಆರ್‌ಎಸ್‌ಎಯನ್ನು, ಇಲಿಗಳ ಗಾಯದ ಮಾದರಿಯಲ್ಲಿ ಕೊಂದಿತ್ತು. ಒಂದೊಂದೇ ವಸ್ತು ಅಷ್ಟು ಕೆಲಸ ಮಾಡಲಿಲ್ಲ. 2020ರಲ್ಲಿ ಇನ್ನೂ ಮುಂದೆ ಹೋದರು. ತೇಲಾಡುವ ಬ್ಯಾಕ್ಟೀರಿಯಾ ಸಾಯಲು ಬೆಳ್ಳುಳ್ಳಿಯ ಅಲಿಸಿನ್ ಕಾರಣವೆನ್ನಬಹುದಾಗಿತ್ತು, ಆದರೆ ಲೋಳೆಯ ಪದರ ಕಟ್ಟಿಕೊಂಡು ಕುಳಿತವನ್ನು ಕೊಲ್ಲಲು ಇಡೀ ಮಿಶ್ರಣ ಬೇಕಾಯಿತು. ಇದು ಮೈಮೇಲೆ ಹಚ್ಚುವ ಔಷಧಿ ಎಂಬುದನ್ನೂ ಗಮನಿಸಿ. ಗಾಯದ ಮೇಲೆ ಹಚ್ಚುವಾಗ ನಾನು ಮೇಲೆ ಹೇಳಿದ ರಕ್ತದ ಲೆಕ್ಕ ಅನ್ವಯಿಸುವುದಿಲ್ಲ. ಮಿಲಿಗ್ರಾಂಗಳು ಅಲ್ಲಿ ಸಾಧ್ಯ.

ಸಣ್ಣ ಕಾಲೇಜುಗಳಿಗೆ ಇಷ್ಟೆಲ್ಲ ಅನುಕೂಲ ಎಲ್ಲಿದೆ ಎಂದು ಮೈಸೂರಿನ ಕಡೆಯ ಅಧ್ಯಾಪಕ ಗೆಳೆಯರು ನನ್ನನ್ನು ಗದರಿಸಿದ್ದಾರೆ. ವಿದ್ಯಾರ್ಥಿಗಳ ಕೈ ಪಳಗಲು ಬಿಲ್ಲೆಯ ಪರೀಕ್ಷೆ ಒಳ್ಳೆಯದೇ, ಒಪ್ಪುತ್ತೇನೆ. ಆದರೆ ಪಳಗಿಸುವ ಅಭ್ಯಾಸವನ್ನೇ ಸಾಬೀತೆಂದು ಅಚ್ಚು ಹಾಕಬೇಕಿಲ್ಲ. ತಡೆಗೆ ಬೇಕಾದ ಕನಿಷ್ಠ ಪ್ರಮಾಣ ಕಂಡುಹಿಡಿಯಲು 96 ಗುಳಿಗಳ ಒಂದು ಪ್ಲಾಸ್ಟಿಕ್ ತಟ್ಟೆ, ಪೋಷಕ ದ್ರಾವಣ ಮತ್ತು ತಾಳ್ಮೆ ಸಾಕು. ವಿಷದ ಪರೀಕ್ಷೆಗೆ ಖರ್ಚು ಹೆಚ್ಚು, ಆದರೆ ಅದನ್ನು ಬಿಡುವಂತಿಲ್ಲ. ಮಕ್ಕಳಿಗೆ ತೇಯ್ದು ನೆಕ್ಕಿಸುವ ಬಜೆಯನ್ನು ಅಮೆರಿಕದಲ್ಲಿ ಆಹಾರಕ್ಕೆ ಸೇರಿಸಬಾರದೆಂದು 1968ರಲ್ಲೇ ನಿಷೇಧಿಸಿದರು. ಅದರ ಎಣ್ಣೆ ಇಲಿಗಳಲ್ಲಿ ಗೆಡ್ಡೆ ಬರಿಸಿತ್ತು. ನಮ್ಮ ಸಂಘದಲ್ಲಿ ಬಾಣಂತಿಯರಿಗೆ ಊರಿನಿಂದ ಬಜೆ ತರಿಸಿಕೊಡುವ ಹಿರಿಯರು ಇದನ್ನು ತಿಳಿದಿರಲಿ.

ಅರಿಶಿನದ ಪೇಟೆಂಟಿನ ಕಥೆ ಎಲ್ಲರಿಗೂ ಗೊತ್ತು. 1995ರಲ್ಲಿ ಮಿಸಿಸಿಪಿ ವಿಶ್ವವಿದ್ಯಾಲಯದ ವೈದ್ಯಕೀಯ ಕೇಂದ್ರಕ್ಕೆ ಸಿಕ್ಕಿ, ಭಾರತದ ಸಿಎಸ್‌ಐಆರ್ ತಕರಾರಿನಿಂದ 1997ರಲ್ಲಿ ರದ್ದಾಯಿತು. ಗೆದ್ದದ್ದು ಯಾವ ಉಂಗುರದಿಂದಲೂ ಅಲ್ಲ, ಹಳೆಯ ಗ್ರಂಥಗಳ ಮತ್ತು 1953ರ ಒಂದು ವೈದ್ಯಕೀಯ ಲೇಖನದ ಬಲದಿಂದ.

ಕನ್ನಡಕ್ಕೆ ಅಂಥ ಗ್ರಂಥಗಳ ಬಡತನವಿಲ್ಲ. ಜಗದ್ದಳ ಸೋಮನಾಥನ ಕರ್ಣಾಟಕ ಕಲ್ಯಾಣಕಾರಕ, ಕೀರ್ತಿವರ್ಮನ ಗೋವೈದ್ಯ, ಮಂಗರಾಜನ ಖಗೇಂದ್ರಮಣಿದರ್ಪಣ ಇವೆ. ಹಳಗನ್ನಡ ಓದಬಲ್ಲ ನಿವೃತ್ತ ಮೇಷ್ಟರುಗಳು ನಮ್ಮ ಸಂಘದಲ್ಲೇ ಇದ್ದಾರೆ, ಫಾರ್ಮಸಿ ಓದುತ್ತಿರುವ ಮಕ್ಕಳೂ ಇದ್ದಾರೆ. ಗೋವೈದ್ಯದಿಂದ ಹೊರಗೆ ಹಚ್ಚುವ ಮದ್ದೊಂದನ್ನು ಆರಿಸಿ, ಪ್ರತಿಯೊಂದು ಗಿಡದ ಹೆಸರು ಇಂದಿನ ಯಾವ ಗಿಡಕ್ಕೆ ಹೊಂದುತ್ತದೆ, ಎಲ್ಲಿ ಎರಡರ್ಥ ಬರುತ್ತದೆ, ಅಳತೆ ಏನು, ಪಾತ್ರೆ ಯಾವುದು ಎಂದು ಎರಡು ಪುಟ ಬರೆದುಕೊಟ್ಟರೆ ಮುಂದಿನ ಸಂಚಿಕೆಗೆ ಬೇಕಾದಷ್ಟಾಯಿತು. ತಟ್ಟೆಯ ಕೆಲಸ ಆಮೇಲೆ ನೋಡಿಕೊಳ್ಳೋಣ.